ಮಗ್ಗದ ಸದ್ದು ನಿಲ್ಲದಂತೆ

ನೇಕಾರರ ಮನೆಯ ಕೂಸು ಮಗ್ಗದ ಸದ್ದಿನಲ್ಲಿ ಮಲಗುತ್ತದೆ. ಸದ್ದು ನಿಂತರೆ ಎಚ್ಚರಾಗುತ್ತದೆ. ನಾನು ತೆಲುಗು ಸೀಮೆಯ ಗಡಿಯ ನಾರಾಯಣಪೇಟೆಯಲ್ಲಿ ಹಾಗೆ ಬೆಳೆದವಳು. ಕುಣಿಮಗ್ಗದ ಮೇಲಿನ ತೊಲೆಗೆ ಹಳೆ ಸೀರೆಯ ಜೋಲಿ ಕಟ್ಟಿ ನನ್ನನ್ನು ಅದರಲ್ಲಿ ಹಾಕುತ್ತಿದ್ದರಂತೆ. ಕೆಳಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಅಪ್ಪ ನೂಲು ಬಿಗಿಯುವ ಹಣಿಗೆಯನ್ನು ಬಡಿದಂತೆಲ್ಲ ತೊಲೆ ಸಣ್ಣಗೆ ನಡುಗಿ, ಜೋಲಿ ತಾನಾಗಿಯೇ ತೂಗುತ್ತಿತ್ತಂತೆ. ಇದು ನನ್ನ ನೆನಪೋ, ಅವ್ವ ಹೇಳಿದ ಮಾತೋ ಈಗ ಬೇರೆ ಮಾಡಿ ಹೇಳಲಾರೆ. ಆದರೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ಇವತ್ತಿಗೂ ಆ ನಡುಕ ಮೈಗೆ ಬರುತ್ತದೆ.

ನರ್ಸಿಂಗ್ ಕಲಿಯಲು ಹೋದಾಗ ಹಾಸ್ಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುತ್ತಿರಲಿಲ್ಲ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಚಾದರದ ಮೂಲೆಗಳನ್ನು ಲಕೋಟೆಯ ಹಾಗೆ ಮಡಚಿ ಗಾದಿಯ ಕೆಳಗೆ ಸೇರಿಸಬೇಕು. ಮೊದಮೊದಲು ಅಳು ಬರುತ್ತಿತ್ತು. ಬರಬರುತ್ತ ಆ ಗಂಟೆಯೇ ನನಗೆ ಮಗ್ಗವಾಯಿತು. ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಜೀವಮಾನ ಕಳೆದು, ಹೆಡ್ ನರ್ಸ್ ಆಗಿ ನಿವೃತ್ತಳಾಗಿ, ಮಕ್ತಲದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡಿದ್ದೇನೆ. ಚಾದರದ ಮೂಲೆಗಳು ಇನ್ನೂ ಹಾಗೆಯೇ ಇವೆ. ಕೋಳಿ ಕೂಗುವ ಮೊದಲೇ ಎದ್ದು, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು ಬಾಗಿಲು ತೆರೆದರೆ ನನ್ನ ದಿನ ಶುರು. ಅದಕ್ಕೆ ಯಾರೂ ಅಡ್ಡ ಬರಬಾರದು ಎಂಬುದು ಓಣಿಯ ನಾಯಿಗಳಿಗೂ ತಿಳಿದಿದೆ.

ಹೀಗೆ ದಿನಗಳು ಒಂದರ ಹಿಂದೊಂದು ಸಾಲಾಗಿ ನಡೆದಿರುವಾಗ ಒಂದು ಬೆಳಗ್ಗೆ ಡಾಕ್ಟರಮ್ಮ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟಾಗಬಹುದಾದವರು. ನಗರದ ವಿಶ್ವವಿದ್ಯಾಲಯವೊಂದರ ಎಚ್‌ಐವಿ ಸಂಶೋಧನಾ ಕೇಂದ್ರದವರು. ಗದ್ವಾಲದಲ್ಲಿ ಒಂದು ಮನೆ ಬಾಡಿಗೆ ಹಿಡಿದು ಅಲ್ಲೊಂದು ಶಾಖೆ ತೆರೆದಿದ್ದೇವೆ, ಅದಕ್ಕೆ ಊರವರ ಸಲಹಾ ಬಳಗವೊಂದು ಬೇಕು, ನೀವು ಸೇರಬೇಕು ಎಂದು ತೆಲುಗಿನಲ್ಲಿ ಕೇಳಿದರು. ಏನು ಕೆಲಸ ಎಂದೆ. ನಾವು ಎಲ್ಲಿ ತಪ್ಪುತ್ತೇವೆ ಎಂದು ಹೇಳುವುದು ಎಂದರು. ಆ ಕೆಲಸವನ್ನು ಸಂಬಳ ತೆಗೆದುಕೊಂಡು ಜೀವಮಾನವೆಲ್ಲ ಮಾಡಿದ್ದೇನೆ, ಇನ್ನು ಪುಕ್ಕಟೆ ಮಾಡಲು ಅಡ್ಡಿಯಿಲ್ಲ ಎಂದೆ. ಅವರು ನಕ್ಕು ಚಹಾ ಕುಡಿದು ಹೋದರು.

ಬಳಗ ಸೇರುತ್ತಿದ್ದುದು ಮಕ್ತಲದಲ್ಲಿ, ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ. ನಾರ್ವದ ಲಾರಿ ಡ್ರೈವರ್ ಒಬ್ಬ ಬರುತ್ತಿದ್ದ. ಕೊತ್ತಪಲ್ಲಿಯ ಮಾಸ್ತರರು, ಟೇಲರ್ ಕೆಲಸದ ಹೆಣ್ಣುಮಗಳು, ಇನ್ನೂ ಕೆಲವರು. ನಮ್ಮಲ್ಲಿ ಯಾರ ಮೈಯಲ್ಲಿ ಆ ವೈರಸ್ ಇದೆ, ಯಾರಲ್ಲಿ ಇಲ್ಲ ಎಂದು ಯಾರೂ ಯಾರನ್ನೂ ಕೇಳುವಂತಿರಲಿಲ್ಲ. ಅದು ಆ ಕೋಣೆಯ ಮೊದಲ ನಿಯಮ. ನನಗೆ ಮೆಚ್ಚುಗೆಯಾಯಿತು. ನಿಯಮ ಇರುವ ಕೋಣೆಯಲ್ಲಿ ಕುಳಿತರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಒಮ್ಮೆ ನಮ್ಮನ್ನೆಲ್ಲ ನಗರಕ್ಕೆ ಕರೆದೊಯ್ದು ವಿಶ್ವವಿದ್ಯಾಲಯದ ಪ್ರಯೋಗಶಾಲೆ ತೋರಿಸಿದರು. ನಮ್ಮಿಂದ ತೆಗೆದ ರಕ್ತ ಎಲ್ಲಿ ಹೋಗುತ್ತದೆಂದು ಜನ ಕೇಳುತ್ತಾರೆ, ನೀವು ಕಣ್ಣಾರೆ ನೋಡಿ ಹೇಳಿ ಎಂಬುದು ಅವರ ಉದ್ದೇಶ. ಬಿಳಿ ಓಣಿಯಂಥ ದಾರಿ, ಅದರ ಕೊನೆಗೆ ಆಳೆತ್ತರದ ಶೀತಲ ಪೆಟ್ಟಿಗೆ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಅದರ ಬಾಗಿಲು ತೆರೆದರು. ಒಳಗಿನಿಂದ ಹೊಗೆಯಂಥ ತಂಪು ಉರುಳಿ ಬಂದು ನಮ್ಮ ಪಾದಗಳ ಮೇಲೆ ಹರಡಿತು. ಜುರಾಲಾ ಅಣೆಕಟ್ಟಿನ ಮೇಲೆ ಚಳಿಗಾಲದ ಬೆಳಗ್ಗೆ ನಿಲ್ಲುವ ಮಂಜು ನೆನಪಾಯಿತು. ಆ ಮಂಜಿನ ಒಳಗೆ ಸಣ್ಣ ಸಣ್ಣ ಸೀಸೆಗಳು, ಹೆಸರಿಲ್ಲದೆ, ಅಂಕಿಗಳನ್ನಷ್ಟೇ ಹೊತ್ತು ಮಲಗಿದ್ದವು. ಧರೂರಿನ ಯಾವ ಗದ್ದೆಯವನದೋ, ಯಾವ ಓಣಿಯವಳದೋ. ಲಾರಿ ಡ್ರೈವರ್, ಚಪ್ಪಲಿ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದ.

ಅಲ್ಲಿಯೇ ಅವರು ವೈರಸ್ ನಿದ್ದೆ ಹೋಗುವ ಸಂಗತಿ ಹೇಳಿದ್ದು. ಮಾತ್ರೆ ದಿನಾ ನುಂಗಿದರೆ ಓಡಾಡುವ ವೈರಸ್ ಅಡಗುತ್ತದೆ. ರಕ್ತದಲ್ಲಿ ಕಾಣದಷ್ಟು ಕಡಿಮೆಯಾಗುತ್ತದೆ, ಮನುಷ್ಯ ಎಲ್ಲರಂತೆ ಬದುಕುತ್ತಾನೆ. ಆದರೆ ಮೈಯ ಮೂಲೆಗಳಲ್ಲಿ, ಕೆಲವು ಜೀವಕೋಶಗಳ ಒಳಗೆ, ಅದು ಸದ್ದಿಲ್ಲದೆ ಮಲಗಿರುತ್ತದೆ. ಔಷಧ ತಪ್ಪಿದರೆ ಏಳುತ್ತದೆ. ಮಲಗಿದ್ದನ್ನು ಹುಡುಕಿ ತೆಗೆಯುವುದು ಹೇಗೆ, ಇಲ್ಲವೆ ಏಳದಂತೆ ಮಾಡುವುದು ಹೇಗೆ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ನಾನು ಬಸ್ಸಿನಲ್ಲಿ ಮರಳುವಾಗ ಕಿಟಕಿಗೆ ತಲೆ ಆನಿಸಿ ಅದನ್ನೇ ನೆನೆಯುತ್ತ ಬಂದೆ. ಮೈಯೂ ಒಂದು ಊರು, ಅದರಲ್ಲೂ ಓಣಿಗಳಿವೆ, ಕತ್ತಲ ಕೋಣೆಗಳಿವೆ.

ಗದ್ವಾಲದ ಆ ಮನೆಗೆ ನಾವು ಸರದಿಯಂತೆ ಹೋಗಿ ಕೂಡುತ್ತಿದ್ದೆವು. ಬಂದವರನ್ನು ಸರಿಯಾಗಿ ಮಾತಾಡಿಸುತ್ತಾರೋ ಇಲ್ಲವೋ ನೋಡುವುದು ನಮ್ಮ ಕೆಲಸ. ಬಾಗಿಲಿಗೆ ಬೋರ್ಡು ಬೇಡ ಎಂದು ನಾವೇ ಹೇಳಿದ್ದೆವು. ಅಂಗಳದಲ್ಲಿ ಬೇವಿನ ಮರ, ಒಳಗೆ ತಂಪಾದ ಕಲ್ಲಿನ ನೆಲ. ಅಲ್ಲಿ ನಡೆದಿದ್ದ ಅಧ್ಯಯನ ಇದು: ದಿನಾ ಮಾತ್ರೆ ನುಂಗುವ ಬದಲು ಎರಡು ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಂಡರೆ ನಮ್ಮ ಕಡೆಯ ಜನಕ್ಕೆ ಒಗ್ಗುತ್ತದೆಯೇ, ತಪ್ಪದೆ ಬರಲು ಆಗುತ್ತದೆಯೇ ಎಂದು ನೋಡುವುದು. ಒಪ್ಪಿಗೆ ಕೇಳುವ ಮೊದಲು ಎಲ್ಲವನ್ನೂ ವಿವರಿಸುವ ಕಾಗದ ತೆಲುಗಿನಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವವರಿಗೆಂದು ನಾನು ಹಟ ಮಾಡಿ ಅದನ್ನು ಕನ್ನಡದಲ್ಲಿ ಓದಿಸಿ ಧ್ವನಿ ಮುದ್ರಿಸಿಟ್ಟಿದ್ದೆ.

ಅದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ ಕುಳಿತಿದ್ದ ಒಬ್ಬ ಹೆಂಗಸು ಒಂದು ದಿನ ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದಳು. ವೈರಸ್ಸು ಸುಪ್ತಾವಸ್ಥೆಯಲ್ಲಿರುತ್ತದೆ ಎಂದರೆ ಏನು ಎಂದು ಕೇಳಿದಳು. ಮಲಗಿರುತ್ತದೆ, ಔಷಧ ತಪ್ಪಿದರೆ ಏಳುತ್ತದೆ ಎಂದೆ. ಅವಳು ಕಿವಿಯಲ್ಲಿದ್ದುದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಹಂಗಂದ್ರ ನಮ್ಮ ಮಗ್ಗ ಇದ್ದಂಗ ಅನ್ರಿ. ಸದ್ದ ಇರೂತನಕ ಕೂಸು ಮಲಗಿರತೈತಿ. ನಿಂತ್ರ ಎದ್ದ ಕುಂದರತೈತಿ."

ನನ್ನ ಜೋಲಿ, ತೊಲೆ, ಅಪ್ಪನ ಬೆನ್ನು ಎಲ್ಲ ಒಮ್ಮೆಲೇ ಆ ಕಲ್ಲಿನ ನೆಲದ ಮೇಲೆ ಬಂದು ನಿಂತಂತಾಯಿತು. ಯಾವ ಊರು ಎಂದು ಕೇಳಿದೆ, ಕೇಳಬಾರದಿತ್ತು. ನಾರಾಯಣಪೇಟೆ ಎಂದಳು. ನಾನೂ ಅಲ್ಲಿಯವಳೇ ಎಂದಾಗ ಅವಳ ಮುಖ ಇಳಿಯಿತು. ತವರೂರು ಅಷ್ಟೆ, ಈಗಿರುವುದು ಮಕ್ತಲದಲ್ಲಿ, ವಾರ್ಡಿನ ಮಾತು ವಾರ್ಡಿನಿಂದ ಆಚೆ ಒಯ್ದವಳಲ್ಲ ಎಂದೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳು.

ಡಾಕ್ಟರಮ್ಮನಿಗೆ ಅವಳ ಮಾತು ಹೇಳಿದೆ. ಅವರು ಆ ಧ್ವನಿಮುದ್ರಣದಲ್ಲಿ ಸುಪ್ತಾವಸ್ಥೆ ತೆಗೆಸಿ ಮಗ್ಗದ ಸದ್ದು ಹಾಕಿಸಿದರು. ಆಮೇಲೆ ನೇಕಾರರ ಓಣಿಗಳಲ್ಲಿ ಸಭೆ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದರು, ಜನ ತಲೆದೂಗುತ್ತಿದ್ದರು.

ಅವಳ ಸಂಗತಿ ನನಗೆ ತಿಳಿದದ್ದು ನಿಧಾನವಾಗಿ, ಬೇವಿನ ನೆರಳಿನಲ್ಲಿ ಕುಳಿತ ಮಧ್ಯಾಹ್ನಗಳಲ್ಲಿ. ಗಂಡ ಕೆಲವು ವರ್ಷಗಳ ಹಿಂದೆ ತೀರಿದ. ಆಗಲೇ ಅವಳಿಗೂ ಅದು ಇದೆಯೆಂದು ಗೊತ್ತಾದದ್ದು. ಮಗಳಿಗೆ ಇಲ್ಲ, ಅವಳು ವಸತಿ ಶಾಲೆಯಲ್ಲಿ ಓದುತ್ತಿದ್ದಾಳೆ. ಇವಳು ಒಬ್ಬಳೇ ಮನೆಯಲ್ಲಿ ಕುಣಿಮಗ್ಗ ನಡೆಸುತ್ತಾಳೆ. ನೂಲು ಸಾಹುಕಾರನದು, ಸೀರೆ ಸಾಹುಕಾರನದು, ನೇಯ್ದ ಕೂಲಿ ಇವಳದು. ಗಂಡ ಹೋದಾಗಿನಿಂದ ಓಣಿ ಏನೂ ಅಂದಿಲ್ಲ. ಆದರೆ ಗೋಡೆಗೆ ಗೋಡೆ ಅಂಟಿದ ನೆರೆಮನೆಯ ಅಕ್ಕ, ದಿನಕ್ಕೆರಡು ಸಲ ಬಂದು ಚಹಾ ಕುಡಿಯುತ್ತಿದ್ದವಳು, ಬರುವುದನ್ನು ಬಿಟ್ಟಳು. ನೂಲಿಗೆ ಹಾಕುವ ಗಂಜಿಯ ಪಾತ್ರೆಯನ್ನು ಎರಡೂ ಮನೆಯವರು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಅಕ್ಕ ಹೊಸ ಪಾತ್ರೆ ಕೊಂಡಳು. ಚಹಾದ ಲೋಟದಿಂದ, ಗಂಜಿಯ ಪಾತ್ರೆಯಿಂದ ಅದು ದಾಟುವುದಿಲ್ಲ ಎಂದು ಇವಳು ಯಾರಿಗೆ ಹೇಳಬೇಕು? ಹೇಳಿದರೆ ಇದೆ ಎಂದು ಒಪ್ಪಿಕೊಂಡಂತೆ. ಸಾಹುಕಾರನ ಕಿವಿಗೆ ಬಿದ್ದರೆ ನೂಲು ನಿಲ್ಲುತ್ತದೆ. ಮಗ್ಗ ಹೋದರೆ ಆ ಓಣಿಯಲ್ಲಿ ಅವಳಿಗೆ ಉಳಿಯುವುದು ಏನೂ ಇಲ್ಲ.

ಮಾತ್ರೆಗಳನ್ನು ಕಂಡಿಕೆಯ ಬುಟ್ಟಿಯ ತಳದಲ್ಲಿ, ನೂಲಿನ ಸುರುಳಿಗಳ ಕೆಳಗೆ ಬಚ್ಚಿಡುತ್ತಿದ್ದಳು. ಒಮ್ಮೆ ನೆಂಟರ ಕೂಸು ಆ ಡಬ್ಬಿ ಹುಡುಕಿ ತೆಗೆದು, ಗಿಲಕಿಯಂತೆ ಅಲ್ಲಾಡಿಸುತ್ತ ಜಗಲಿಗೆ ಓಡಿತ್ತು. ಬಿಪಿ ಗುಳಿಗೆ ಎಂದು ಹೇಳಿ ಪಾರಾದಳು. ಆದರೆ ಆ ಗಲಗಲ ಸದ್ದು ಕನಸಿನಲ್ಲಿ ಬರುತ್ತದೆ ಎನ್ನುತ್ತಿದ್ದಳು. ಅದಕ್ಕೇ ಅವಳಿಗೆ ಸೂಜಿ ಬೇಕಿತ್ತು. ಮನೆಯಲ್ಲಿ ಏನೂ ಇರುವುದಿಲ್ಲ. ಮೈಯೊಳಗೆ ಹೋಗಿ ಕುಳಿತರೆ ಯಾರು ಕಾಣುತ್ತಾರೆ? ಆದರೆ ಸೂಜಿಗೆ ತಪ್ಪದೆ ಬರಬೇಕು. ತಪ್ಪಿದರೆ ವೈರಸ್ ಎದ್ದು, ಔಷಧಕ್ಕೇ ಬಗ್ಗದಂತಾಗಬಹುದು. ಸರದಿ ತಪ್ಪಿಸುವವರನ್ನು ಮತ್ತೆ ಮಾತ್ರೆಗೆ ಹಾಕುತ್ತೇವೆ ಎಂದು ಕೇಂದ್ರದವರು ಖಡಾಖಂಡಿತವಾಗಿ ಹೇಳಿದ್ದರು.

ಮಕ್ತಲದ ಕೋಣೆಯಲ್ಲಿ ನಾವು ಒಂದು ಪ್ರಶ್ನೆಗೆ ಪಟ್ಟು ಹಿಡಿದಿದ್ದೆವು: ಅಧ್ಯಯನ ಮುಗಿದ ಮೇಲೆ ಈ ಜನಕ್ಕೆ ಸೂಜಿ ಯಾರು ಕೊಡುತ್ತಾರೆ? ಡಾಕ್ಟರಮ್ಮ ಅದನ್ನು ವಿಶ್ವವಿದ್ಯಾಲಯಕ್ಕೆ ಒಯ್ದು, ಬೇಕೆಂದವರಿಗೆ ಮುಂದುವರಿಸುತ್ತೇವೆ ಎಂಬ ಮಾತು ತಂದರು. ಆಮೇಲೆ, ನೇಕಾರರಿಗೆ ಅನುಕೂಲವಾಗಲೆಂದು ಅವರೇ ಒಂದು ಯೋಜನೆ ಮಾಡಿದ್ದರು. ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ, ಕೆಲಸಕ್ಕೆ ಬಿಡುವು. ಆದ್ದರಿಂದ ಅವರ ಸರದಿಯನ್ನೆಲ್ಲ ಅಮಾವಾಸ್ಯೆಗೆ ಇಟ್ಟರೆ ಕೂಲಿಯೂ ಹೋಗುವುದಿಲ್ಲ. ಕೋಣೆಯವರೆಲ್ಲ ಮೆಚ್ಚಿದರು. ಮಾಸ್ತರರು ಮೇಜು ಕುಟ್ಟಿದರು. ನೇಕಾರರ ಮಗಳಾದ ನಾನೂ ಹೌದೆಂದೆ.

ಗದ್ವಾಲದಲ್ಲಿ ಅವಳಿಗೆ ಹೇಳಿದಾಗ ಅವಳು ಗಾಬರಿಯಾದಳು.

"ಅಮಾಸಿ ದಿನ ಓಣಿಗೆಲ್ಲ ಕಣ್ಣಿರತಾವ್ರಿ ಅಮ್ಮಾರ. ಉಳಿದ ದಿನ ಬರೇ ಕಿವಿ."

ಆಗ ನನಗೆ ಕಂಡಿತು. ಅಮಾವಾಸ್ಯೆಯ ದಿನ ಓಣಿಯ ಜನವೆಲ್ಲ ಜಗಲಿಯ ಮೇಲೆ. ಗಂಡಸರು ಮೀಸೆ ತಿದ್ದಿಕೊಳ್ಳುತ್ತ, ಹೆಂಗಸರು ಹೇನು ನೋಡಿಕೊಳ್ಳುತ್ತ, ಯಾರು ಬಂದರು, ಯಾರು ಹೋದರು ಎಂದು ನೋಡುವುದೇ ಆ ದಿನದ ಕೆಲಸ. ಪ್ರತಿ ಬಾರಿಯೂ ಅಮಾವಾಸ್ಯೆಗೇ ಗದ್ವಾಲದ ಬಸ್ಸು ಹತ್ತುವ ವಿಧವೆಯನ್ನು ನಾಲ್ಕು ಬಾಯಿ ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಎಲ್ಲರೂ ಕುಣಿಯಲ್ಲಿ, ತಲೆ ಬಗ್ಗಿಸಿ. ಹಿತ್ತಿಲ ಬಾಗಿಲಿನಿಂದ ಆನೆ ಹೋದರೂ ಯಾರೂ ಕಾಣರು. ಆದರೆ ಅವತ್ತು ಓಣಿಗೆ ಕಿವಿಯಿದೆ. ಯಾವ ಮನೆಯ ಮಗ್ಗ ನಿಂತಿತು ಎಂದು ಗೋಡೆಗಳಿಗೆ ತಿಳಿಯುತ್ತದೆ. ಒಂದು ಗಳಿಗೆ ನಿಂತರೆ ಎಳೆ ಹರಿದಿದೆ ಅನ್ನುತ್ತಾರೆ. ಅರ್ಧ ದಿನ ನಿಂತರೆ ಯಾಕೆ ಎಂದು ಬಾಗಿಲಿಗೆ ಬರುತ್ತಾರೆ.

ನಾನು ಮಕ್ತಲದ ಕೋಣೆಯಲ್ಲಿ ಹೆಸರೆತ್ತದೆ ಈ ಮಾತು ಹೇಳಿದೆ. ಡಾಕ್ಟರಮ್ಮ ಅದನ್ನು ಬರೆದುಕೊಂಡು, ಪೆನ್ನು ಹಲ್ಲಿನಲ್ಲಿ ಕಚ್ಚಿ ಕುಳಿತರು. ಸೂಜಿಯ ದಿನಕ್ಕೆ ಹಿಂದೆ ಮುಂದೆ ಕೆಲವು ದಿನಗಳ ಅವಕಾಶ ವಿಜ್ಞಾನದಲ್ಲೇ ಇದೆ, ಆ ಅವಕಾಶದೊಳಗೆ ಯಾವ ದಿನ ಎಂಬುದನ್ನು ಬರುವವರೇ ಆರಿಸಲಿ ಎಂದು ತೀರ್ಮಾನಿಸಿದರು. ಅಮಾವಾಸ್ಯೆ ಹೋಯಿತು. ಕಣ್ಣುಗಳ ಗಂಡಾಂತರ ಕಳೆಯಿತು. ಕಿವಿಗಳದು ಉಳಿಯಿತು.

ಅದಕ್ಕೆ ಉಪಾಯ ಹೊಳೆದದ್ದು ನನಗೇ. ನಾನು ನೇಯುತ್ತೇನೆ ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಲಾಳಿ ಕೊನೆಗೆ ಯಾವಾಗ ಹಿಡಿದಿದ್ದಿರಿ ಎಂದಳು. ಅಪ್ಪ ಬದುಕಿದ್ದಾಗ ಎಂದೆ. ಓಣಿಗೆ ಹೇಳುವ ಮಾತು ಸುಲಭವಿತ್ತು: ಇದೇ ಊರಿನ ನೇಕಾರರ ಮಗಳು ನಾನು, ಮುಪ್ಪಿನ ಕಾಲಕ್ಕೆ ಹಳೆ ಹುಚ್ಚು ಮರುಕಳಿಸಿದೆ, ಈಕೆಯ ಹತ್ತಿರ ಮಗ್ಗ ಕಲಿಯಲು ಬರುತ್ತೇನೆ. ಅದರಲ್ಲಿ ಸುಳ್ಳು ಅರ್ಧ ಮಾತ್ರ.

ಮೊದಲು ಬಿಡುವಿದ್ದಾಗಲೆಲ್ಲ ಹೋಗಿ ಕಲಿತೆ. ಕುಣಿಯ ತಂಪು ಮೊಣಕಾಲಿನವರೆಗೆ ಹತ್ತಿ ಬರುತ್ತಿತ್ತು. ಅವಳು ಹಿಂದೆ ಕುಳಿತು ನನ್ನ ಬೆನ್ನಿನ ಮೇಲೆ ಬೆರಳಿನಿಂದ ತನ್ನ ಹೊಡೆತವನ್ನು ತಟ್ಟುತ್ತಿದ್ದಳು. ಒಬ್ಬೊಬ್ಬರ ಕೈಗೆ ಒಂದೊಂದು ಹೊಡೆತ. ಅವಳದು ಎರಡು ಹಗುರ, ಆಮೇಲೆ ಉಸಿರು ಹಿಡಿದಷ್ಟು ತಡೆದು ಇನ್ನೊಂದು. ಸದ್ದು ನನಗೆ ಬಂತು, ಬಟ್ಟೆ ಬರಲಿಲ್ಲ. ಬಟ್ಟೆ ಹೇಗಿದ್ದರೂ ಸರಿ, ಸದ್ದು ಬಂದರೆ ಸಾಕು ಎಂದಳು.

ಸೂಜಿಯ ದಿನ ಮಕ್ತಲದಿಂದ ಮೊದಲ ಬಸ್ಸಿಗೆ ಹೋಗಿ ನಾನು ಕುಣಿಗೆ ಇಳಿಯುತ್ತಿದ್ದೆ. ಅವಳು ಹಿತ್ತಿಲಿನಿಂದ ಹೊರಡುತ್ತಿದ್ದಳು. ಆ ಬೆಳಗುಗಳನ್ನು ನೆನೆದರೆ ಎಲ್ಲವೂ ನೀರಿನ ಒಳಗಿನಿಂದ ನೋಡಿದಂತೆ ಕಾಣುತ್ತದೆ. ಹಂಚಿನ ಸಂದಿಯಿಂದ ಇಳಿದ ಬೆಳಕಿನ ಕೋಲು ಹಾಸಿನ ಎಳೆಗಳ ಮೇಲೆ ಬಿದ್ದು, ನಾನು ತುಳಿದಂತೆ ಎದ್ದು ಬಿದ್ದು ಆಡುತ್ತಿತ್ತು. ಓಣಿಯ ಮಗ್ಗಗಳೆಲ್ಲ ಒಂದರೊಳಗೊಂದು ಬೆರೆತು ದೂರದ ಮಳೆಯಂತೆ ಕೇಳುತ್ತಿದ್ದವು. ನಾನು ಲಾಳಿ ಎಸೆದಾಗ ಅದು ಈ ಅಂಚಿನಿಂದ ಆ ಅಂಚಿಗೆ ಜಾರುತ್ತಿತ್ತು; ಅಷ್ಟರಲ್ಲಿ ಅವಳ ಬಸ್ಸು ಮಕ್ತಲ ದಾಟಿರಬೇಕು. ಮತ್ತೊಮ್ಮೆ ಎಸೆದರೆ ಅಣೆಕಟ್ಟಿನ ಮೇಲೆ ಇರಬೇಕು, ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಬಂಡೆಗಳು. ಇನ್ನೊಮ್ಮೆ, ಧರೂರಿನ ಕಾಲುವೆಯ ಹಸುರು ಗದ್ದೆ. ಇನ್ನೊಮ್ಮೆ, ಗದ್ವಾಲದ ಕೋಟೆಯ ಗೋಡೆ. ಹೀಗೆ ನದಿಯ ಆಚೆ ಈಚೆ ಅವಳನ್ನು ನಾನೇ ದಾಟಿಸುತ್ತಿದ್ದೇನೆ ಎನ್ನಿಸುತ್ತಿತ್ತು. ಕೈ ಸೋತಾಗ ಅಪ್ಪನ ಬೆನ್ನು ಎದುರಿಗೆ ಕಾಣುತ್ತಿತ್ತು. ನಾನು ಕನಸು ಕಾಣುವ ಸ್ವಭಾವದವಳಲ್ಲ. ಆ ಕುಣಿಯಲ್ಲಿ ಮಾತ್ರ ನನಗೆ ಯಾವ ಗಂಟೆಯೂ ಇರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಅವಳು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಂದು, ಸೊಂಟ ಹಿಡಿದುಕೊಂಡು ಕುಣಿಯ ಅಂಚಿಗೆ ಕೂಡುತ್ತಿದ್ದಳು. ಸೂಜಿ ಚುಚ್ಚಿದ ಕಡೆ ನೋವು ಒಂದೆರಡು ದಿನ ಇರುತ್ತಿತ್ತು. ರಕ್ತದ ಪರೀಕ್ಷೆಯಲ್ಲಿ ವೈರಸ್ ಕಾಣುತ್ತಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ಮಾತ್ರ, ನೋವಿದ್ದರೂ ಮಗಳಿಗೆಂದು ಇಟ್ಟಿದ್ದ ಬೆಲ್ಲದಲ್ಲಿ ಶೇಂಗಾ ಉಂಡಿ ಮಾಡಿದಳು.

ಆಷಾಢದಲ್ಲಿ ಒಂದು ಸರದಿ ಬಂತು. ಆ ದಿನ ಬೆಳಗಿನಿಂದ ಒಣ ಗಾಳಿ. ಬೀಸಿ ಬೀಸಿ ಓಣಿಯ ಧೂಳನ್ನೆಲ್ಲ ಬಾಗಿಲ ಒಳಗೆ ತಂದು ಸುರಿಯುತ್ತಿತ್ತು. ಅವಳು ಹೊರಟು ಬಹಳ ಹೊತ್ತಾಗಿರಲಿಲ್ಲ. ಗಾಳಿಗೆ ಒಣಗಿದ ಹಾಸು ನನ್ನ ಹೊಡೆತ ತಾಳಲಿಲ್ಲ. ಒಂದು ಎಳೆ ಹರಿಯಿತು. ಕಟ್ಟಿದೆ. ಇನ್ನೊಂದು ಹರಿಯಿತು. ಆಮೇಲೆ ಒಂದು ಹಿಡಿಯಷ್ಟು ಎಳೆಗಳು ಒಟ್ಟಿಗೇ ಹರಿದು, ತುದಿಗಳು ಹಣಿಗೆಯ ಹಿಂದೆ ಎಲ್ಲಿಯೋ ಮಾಯವಾದವು. ಕನ್ನಡಕ ಒರೆಸಿ ಹುಡುಕಿದೆ. ಬೆರಳುಗಳಿಗೆ ಸಿಗಲಿಲ್ಲ.

ಮಗ್ಗ ನಿಂತಿತು.

ವಾರ್ಡಿನಲ್ಲಿ ಎದೆಬಡಿತ ನಿಂತ ರೋಗಿಗಳ ಮುಂದೆ ನಾನು ನಿಂತಿದ್ದೇನೆ. ಆಗ ಕೈಗೆ ಕೆಲಸ ಇರುತ್ತಿತ್ತು. ಇಲ್ಲಿ ಕೈ ಕಟ್ಟಿದಂತಾಯಿತು. ಸುತ್ತಲಿನ ಮಗ್ಗಗಳ ಮಳೆಯಲ್ಲಿ ಈ ಮನೆಯೊಂದು ಒಣಗಿ ನಿಂತಿದ್ದು ನನಗೇ ಕೇಳಿಸುತ್ತಿತ್ತು. ಹಣಿಗೆಯ ಹಲಗೆಯನ್ನಷ್ಟೇ ಸುಮ್ಮನೆ ಬಡಿದು ನೋಡಿದೆ. ಅದು ಯಾರ ಕಿವಿಗೂ ಮಗ್ಗವಾಗಿ ಕೇಳುವಂತಿರಲಿಲ್ಲ. ಆಗ ಗೋಡೆಯ ಆಚೆ, ನೆರೆಮನೆಯ ಮಗ್ಗವೂ ನಿಂತಿತು. ಚಪ್ಪಲಿಯ ಸದ್ದು ಬಂತು.

ಬಾಗಿಲಲ್ಲಿ ಆ ಅಕ್ಕ ನಿಂತಿದ್ದಳು. ಮನೆಯವಳ ಗಂಡ ತೀರಿದಾಗಿನಿಂದ ಈ ಹೊಸ್ತಿಲು ದಾಟದವಳು. ನನ್ನ ವಯಸ್ಸಿಗೆ ಹತ್ತಿರದವಳು, ಗಿಡ್ಡನೆಯವಳು, ಹಣೆಯ ತುಂಬ ವಿಭೂತಿ. ಒಳಗೆಲ್ಲ ನೋಡಿದಳು. ಮನೆಯವಳು ಎಲ್ಲಿ ಎಂದು ಕೇಳುತ್ತಾಳೆ, ನೂಲು ಸುತ್ತಲು ಹೋಗಿದ್ದಾಳೆ ಎನ್ನಬೇಕು ಎಂದು ನಾನು ನಾಲಿಗೆಯ ಮೇಲೆ ಮಾತು ಜೋಡಿಸಿಕೊಂಡೆ. ಅವಳು ಅದನ್ನು ಕೇಳಲಿಲ್ಲ.

"ಎಳಿ ಹರದೂವೇನ್ರಿ?"

ಹೌದೆಂದೆ.

"ಏಳ್ರಿ ಮ್ಯಾಲ. ನಿಮಗ ಕಣ್ಣ ಕಾಣಂಗಿಲ್ಲ."

ನಾನು ಎದ್ದೆ. ಅವಳು ಹೊಸ್ತಿಲು ದಾಟಿ, ಹಾಸಿನ ಮೇಲೆ ನೀರು ಚಿಮುಕಿಸಿ, ಕುಣಿಗೆ ಇಳಿದಳು. ಗಂಜಿಯ ಪಾತ್ರೆಗೆ ಬೆರಳು ಅದ್ದಿದಳು. ಈ ಮನೆಯ ಪಾತ್ರೆಗೆ. ಹರಿದ ತುದಿಗಳನ್ನು ಒಂದೊಂದಾಗಿ ಹುಡುಕಿ ಹೊಸೆಯುತ್ತ ಕುಳಿತಳು. ನನಗೆ ಸುಮ್ಮನಿರಲು ಆಗಲಿಲ್ಲ. ನಿಮಗೆ ಮೊದಲೇ ತಿಳಿದಿತ್ತೇ ಎಂದು ಕೇಳಿದೆ.

"ಮೊದಲನೇ ದಿನಾನ ತಿಳೀತ್ರಿ. ಆಕಿ ನೇದ್ರ ಮಳಿ ಹನಿದಂಗ. ನೀವು ನೇದ್ರ ಒಳ್ಳಾಗ ಖಾರ ಕುಟ್ಟಿದಂಗ."

ಮತ್ತೆ ಯಾಕೆ ಕೇಳಲಿಲ್ಲ ಎಂದೆ.

"ಕೇಳಿದ್ರ ಆಕಿ ಸುಳ್ಳ ಹೇಳಬೇಕಾಗ್ತಿತ್ತು."

ಎಳೆ ಕಟ್ಟುತ್ತಲೇ ಉಳಿದದ್ದನ್ನು ಹೇಳಿದಳು. ಹಿಂದಿನ ಸರದಿಯಲ್ಲಿ ಸಾಹುಕಾರನ ಗುಮಾಸ್ತ ಬಂದಿದ್ದನಂತೆ. ಈ ಮನೆಯ ಸದ್ದು ಯಾಕೆ ಬೇರೆ ಬರುತ್ತಿದೆ ಎಂದು ಓಣಿಯಲ್ಲೇ ನಿಂತು ಕೇಳಿದನಂತೆ. ಆಕೆಗೆ ಕೈ ಉಳುಕಿದೆ, ಅದಕ್ಕೆ ಹೊಡೆತ ತಪ್ಪಿದೆ ಎಂದು ಈ ಅಕ್ಕನೇ ಹೇಳಿ ಕಳಿಸಿದಳಂತೆ. ಇವಳ ಗಂಡ ಯಾವುದರಿಂದ ಸತ್ತ ಎಂಬುದು ಓಣಿಗೆ ಗೊತ್ತಿಲ್ಲವೇನು, ಇವಳು ಏನೋ ಔಷಧ ತೆಗೆದುಕೊಳ್ಳುತ್ತಾಳೆ, ಬದುಕಿದ್ದಾಳೆ, ತನಗೆ ಅಷ್ಟು ಸಾಕು ಎಂದಳು. ಮೊದಲು ಹೆದರಿದ್ದಳಂತೆ. ಓಣಿಯ ಸಭೆಯಲ್ಲಿ ಆ ನಗರದ ಡಾಕ್ಟರಮ್ಮ ಮಗ್ಗದ ಸದ್ದು, ಮಲಗಿದ ಕೂಸು ಎಂದೆಲ್ಲ ಹೇಳಿ, ಲೋಟದಿಂದ ಬರುವುದಿಲ್ಲ ಎಂದಾಗ ಹೆದರಿಕೆ ಹೋಯಿತಂತೆ. ಆದರೆ ಬಿಟ್ಟ ಮನೆಗೆ ಮತ್ತೆ ಯಾವ ಮುಖ ಹೊತ್ತು ಬರುವುದು ಎಂದು ದಿನ ದೂಡಿದ್ದಳು.

ಎಳೆಗಳು ಕೂಡಿದವು. ಅವಳು ಲಾಳಿ ಎತ್ತಿಕೊಂಡಳು. ಎರಡು ಹಗುರ. ತಡೆ. ಇನ್ನೊಂದು. ಗೋಡೆಯ ಆಚೆಯಿಂದ ವರ್ಷಗಟ್ಟಲೆ ಕೇಳಿದ ಕೈಯ ಹೊಡೆತವನ್ನು ಅವಳು ತನ್ನ ಕೈಗೆ ತಂದುಕೊಂಡಿದ್ದಳು. ನಾನು ನಡುಮನೆಯ ಕಂಬಕ್ಕೆ ಒರಗಿದೆ. ಗಾಳಿ ಬೀಸುತ್ತಿತ್ತು, ಬೆಳಕಿನ ಕೋಲು ಎಳೆಗಳ ಮೇಲೆ ಎದ್ದು ಬೀಳುತ್ತಿತ್ತು. ಒಳಗೆ ಕುಳಿತವಳು ಯಾರು, ಹೊರಗೆ ಹೋದವಳು ಯಾರು, ಜೋಲಿಯಲ್ಲಿ ಮಲಗಿದವಳು ಯಾರು ಎಂಬುದು ಆ ಹೊತ್ತು ನನಗೆ ಗೊಂದಲವಾಗಿತ್ತು. ಗೊಂದಲ ಹಿತವಾಗಿತ್ತು.

ಮನೆಯವಳು ಆ ದಿನ ಹಿತ್ತಿಲಿನಿಂದ ಬರಲಿಲ್ಲ. ಮುಂದಿನ ಬಾಗಿಲಿನಿಂದ, ನಿದ್ದೆಯಲ್ಲಿ ನಡೆಯುವವರಂತೆ ಬಂದಳು. ಓಣಿಯ ತಿರುವಿನಲ್ಲಿ ತನ್ನದೇ ಮಗ್ಗದ ಸದ್ದು ಕೇಳಿ ಕಾಲು ನಿಂತವಂತೆ. ಆಮೇಲೆ ನನಗೆ ಹೇಳಿದಳು.

"ಬೀದ್ಯಾಗ ನಿಂತಾಕಿ ನಾನ. ಒಳಗ ನೇಯಾಕಿ ನಾನ. ನಾ ಎಲ್ಲೀ ಹೋಗೇ ಇಲ್ಲೇನೋ ಅನಸ್ತರಿ."

ಹೊಸ್ತಿಲಲ್ಲಿ ನಿಂತು, ಕುಣಿಯಲ್ಲಿ ಕುಳಿತವಳನ್ನು ನೋಡಿದಳು. ನನ್ನನ್ನು ನೋಡಿದಳು, ನಾನು ಹೇಳಿಬಿಟ್ಟೆನೇ ಎಂದು ಆ ಕಣ್ಣುಗಳು ಕೇಳಿದವು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅಕ್ಕ ಲಾಳಿ ನಿಲ್ಲಿಸದೆ, ತಲೆ ಎತ್ತದೆ ಮಾತಾಡಿದಳು.

"ನಿಂತ ನೋಡ್ತಿ ಏನ? ಚಾ ಇಡು. ಮುಂದಿನ ಸಲ ಈ ನರ್ಸಮ್ಮಾರ್ನ ಕರೀಬ್ಯಾಡ. ಇವರು ನೇದದ್ದು ಬಿಚ್ಚಾಕ ನಿನಗ ಅರ್ಧ ದಿನ ಹೋಗ್ತೈತಿ. ನಾ ಕೇಳೀನಿ, ಪ್ರತಿ ಸಲ ಬಿಚ್ಚತಿ."

ಹೌದು. ನಾನು ಹೋದ ಮೇಲೆ ನನ್ನ ನೇಯ್ಗೆಯನ್ನೆಲ್ಲ ಅವಳು ಬಿಚ್ಚುತ್ತಿದ್ದಳು, ಸಾಹುಕಾರನಿಗೆ ಕೊಡುವಂತಿರಲಿಲ್ಲ. ನನಗೆ ತಿಳಿಯದಂತೆ ನೋಡಿಕೊಂಡಿದ್ದಳು. ಗೋಡೆಗೆ ತಿಳಿದಿತ್ತು.

ಅವಳು ಒಲೆ ಹೊತ್ತಿಸಿದಳು. ಸಕ್ಕರೆ ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದಳು. ಲೋಟವನ್ನು ಕುಣಿಯ ಅಂಚಿಗೆ ತಂದಿಟ್ಟು ಹಿಂದೆ ಸರಿದು ನಿಂತಳು. ಅಕ್ಕ ಮಗ್ಗ ನಿಲ್ಲಿಸಿ, ಲೋಟ ಎತ್ತಿ, ಊದಿ ಊದಿ ಪೂರ್ತಿ ಕುಡಿದಳು. ಸಕ್ಕರೆ ಜಾಸ್ತಿ ಎಂದಳು. ಆಮೇಲೆ ಮೇಲೆದ್ದು, ಲೋಟವನ್ನು ತಾನೇ ಹಿತ್ತಿಲಿಗೆ ಒಯ್ದು, ಬೂದಿ ಹಾಕಿ ಎರಡು ಸಲ ತಿಕ್ಕಿ ತೊಳೆದು, ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೋದಳು.

ಆ ತೊಳೆದದ್ದು ನನಗೆ ಚುಚ್ಚಿತು, ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ ಎನ್ನಿಸಿತು. ಮೊದಲಿನ ದಿನಗಳಲ್ಲಿ ಲೋಟ ಹಾಗೆಯೇ ಇಟ್ಟು ಹೋಗುತ್ತಿದ್ದಳೋ ಏನೋ, ತೊಳೆಯುವ ಅಗತ್ಯ ಏನಿತ್ತು ಎಂದೆ. ಮನೆಯವಳು ಬೋರಲು ಹಾಕಿದ ಲೋಟವನ್ನೇ ನೋಡುತ್ತಿದ್ದಳು.

"ತೊಳೀಲಿ ಬಿಡ್ರಿ ಅಮ್ಮಾರ. ಕುಡದಾಳಲ್ಲ."

ಗೋಡೆಯ ಆಚೆ ಅಕ್ಕನ ಮಗ್ಗ ಶುರುವಾಯಿತು. ಮನೆಯವಳು ಸೊಂಟ ಹಿಡಿದುಕೊಂಡೇ ಕುಣಿಗೆ ಇಳಿದಳು. ಸ್ವಲ್ಪ ಹೊತ್ತಿಗೆ ಅವಳದೂ ಶುರುವಾಯಿತು. ಎರಡೂ ಸದ್ದು ಗೋಡೆಯೊಳಗೆ ಸೇರಿ ಒಂದಾದವು. ಇನ್ನು ನನಗೆ ಅಲ್ಲಿ ಕೆಲಸ ಇರಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಿದೆ, ತುಸು ಕೂತು ಹೋಗೋಣವೆಂದು ಜಗಲಿಯ ಕಂಬಕ್ಕೆ ತಲೆ ಆನಿಸಿದೆ. ಎಚ್ಚರಾದಾಗ ಓಣಿಗೆ ದೀಪ ಹತ್ತಿತ್ತು, ಮಕ್ತಲದ ಬಸ್ಸು ಹೋಗಿತ್ತು, ನನ್ನ ಮೈಮೇಲೆ ಯಾರೋ ಒಂದು ಹಳೆ ಸೀರೆ ಹೊದಿಸಿದ್ದರು. ಒಳಗೆ ಮಗ್ಗ ನಡೆದೇ ಇತ್ತು. ನಾನು ಇನ್ನೂ ಸ್ವಲ್ಪ ಹೊತ್ತು ಏಳಲಿಲ್ಲ.